ದೇವರ ಕಾಪಾಡುವಿಕೆಯೂ ಸೇವಕರ ಮರಣವೂ
(ವೇದಾಭ್ಯಾಸ)



ನಮ್ಮ ಶಾಲೆಯಲ್ಲಿ ಓದಿ ಹೋದವರೊಳಗೆ ತೊಂಭತ್ತೊಂದನೆಯ ಕೀರ್ತನೆಯನ್ನು ಬಾಯಿಪಾಠವಾಗಿ ಒಪ್ಪಿಸದವರು ವಿರಳ. ಹಕ್ಕಿಯು ಮರಿಗಳನ್ನು ಮರೆಮಾಡುವಂತೆ ದೇವರು ತನ್ನವರನ್ನು ಮರೆಮಾಡುವನು, ವ್ಯಾಧಿಯು ಅವರ ಬಿಡಾರದ ಸಮೀಪಕ್ಕೂ ಬಾರದು ಎಂಬುದು ಅದರ ತಾತ್ಪರ್ಯವಷ್ಟೆ. 2021ನೆಯ ಇಸವಿಯಲ್ಲಿ ಕೊರೋನಾ ವ್ಯಾಧಿಯು ಊರೂರಿಗೂ ಹಬ್ಬಿದ್ದಾಗ ಎಷ್ಟೋ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಇದನ್ನೇ ಓದುತ್ತಿದ್ದರು. ಶಾಲೆಯು ಪುನಃ ತೆರೆದ ಮೇಲೆ ಎಂಟನೆಯ ತರಗತಿಯ ವೇದಪಾಠದಲ್ಲಿ ಈ ಕೀರ್ತನೆಯೇ ಬಂದಿತು. ಆಗ ಒಬ್ಬ ಹುಡುಗಿಯು ಎದ್ದು ನಿಂತು, ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ತನ್ನ ತಾಯಿಯು ಪ್ರತಿದಿನವೂ ಇದನ್ನು ಓದಿಯೇ ಕೆಲಸಕ್ಕೆ ಹೋಗುತ್ತಿದ್ದರೆಂದೂ, ಅದೇ ರೋಗದಿಂದ ತೀರಿಕೊಂಡರೆಂದೂ ಹೇಳಿ, "ಹಾಗಾದರೆ ಅಮ್ಮನಿಗೆ ವಿಶ್ವಾಸ ಕಡಮೆಯಾಗಿತ್ತೇ, ಟೀಚರ್?" ಎಂದು ಕೇಳಿದಳು.

ದೇವರು ಒಳ್ಳೆಯವರನ್ನು ಬೇಗನೆ ತನ್ನ ಬಳಿಗೆ ಕರೆದುಕೊಳ್ಳುತ್ತಾನೆ ಎಂದು ನಾವು ಉತ್ತರಕೊಟ್ಟೆವು. ಆಕೆಯು ಸುಮ್ಮನೆ ಕುಳಿತಳು. ಆ ಮಾತು ಸಾಲದೆಂಬುದು ಆಕೆಯ ಮುಖವನ್ನು ನೋಡಿದಾಗಲೇ ನಮಗೆ ತಿಳಿಯಿತು. ಅದು ನಿಜವಾಗಿದ್ದರೆ ಎಂಭತ್ತು ದಾಟಿಯೂ ಭಾನುವಾರ ತಪ್ಪದೆ ಆರಾಧನೆಗೆ ಬರುವ ನಮ್ಮ ಸಭೆಯ ಅಜ್ಜಿಯಂದಿರ ವಿಷಯದಲ್ಲಿ ಏನೆನ್ನಬೇಕು? ಅಂದಿನಿಂದ ಈ ಪ್ರಶ್ನೆಯನ್ನು ಕುರಿತು ನಾವು ಓದಿದ್ದನ್ನೂ ಯೋಚಿಸಿದ್ದನ್ನೂ ಇಲ್ಲಿ ಬರೆಯುತ್ತೇವೆ.

ಬಾಸೆಲ್ ಮಿಷನ್ನಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಆದರೆ ಅದರ ಸೇವಕರು ಮಂಗಳೂರಿಗೆ ಬರುವುದಕ್ಕಿಂತ ಮುಂಚೆಯೇ ಆಫ್ರಿಕ ಖಂಡದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾ ದೇಶಕ್ಕೆ, ಹೋಗಿದ್ದರೆಂಬುದನ್ನು ಬಲ್ಲವರು ಕೊಂಚ. 1828ನೆಯ ಇಸವಿಯ ಡಿಸೆಂಬರಿನಲ್ಲಿ ಸಾಲ್ಬಾಖ್, ಹೋಲ್ಜ್‌ವಾರ್ಟ್, ಶ್ಮಿಟ್, ಹೆಂಕೆ ಎಂಬ ನಾಲ್ವರು ತರುಣರು ಕ್ರಿಶ್ಚಿಯನ್ಸ್‌ಬೋರ್ಗ್ ಎಂಬಲ್ಲಿ ಇಳಿದರು. ಅದು ಆಗ ಡೇನ್ ಜನರ ಆಳಿಕೆಗೆ ಒಳಪಟ್ಟಿದ್ದ ಕೋಟೆ. ಮುಂದಿನ ವರುಷದ ಆಗಸ್ಟ್ ತಿಂಗಳಲ್ಲಿ ಮೂವರು ಸತ್ತರು. ಒಂಟಿಯಾಗಿ ಉಳಿದ ಹೆಂಕೆಯೂ 1831ರಲ್ಲಿ ತೀರಿಹೋದನು. 1832ರಲ್ಲಿ ಬಾಸೆಲಿನವರು ರೀಸ್, ಯೇಗರ್, ಹೈನ್ಜೆ ಎಂಬ ಇನ್ನು ಮೂವರನ್ನು ಕಳುಹಿಸಿದರು. ಜ್ವರದ ಕಾಟವನ್ನು ಅರಿತಿದ್ದರಿಂದ ಈ ಬಾರಿ ವೈದ್ಯನೊಬ್ಬನು ಜೊತೆಗಿರಲೆಂದು ಹೈನ್ಜೆಯನ್ನು ಆರಿಸಿದ್ದರು. ಮೊದಲು ಸತ್ತವನು ಆ ವೈದ್ಯನೇ. ಕೆಲವೇ ತಿಂಗಳಲ್ಲಿ ಯೇಗರನೂ ಸತ್ತನು. ರೀಸನಿಗೂ ಪ್ರಾಣಾಂತಿಕವಾದ ಜ್ವರ ಬಂದಿತು. ಆತನನ್ನು ಬದುಕಿಸಿದವನು ಆ ನಾಡಿನ ಒಬ್ಬ ನಾಟಿವೈದ್ಯನೆಂದು ಮಿಷನ್ನಿನ ಚರಿತ್ರೆಯು ಹೇಳುತ್ತದೆ. ಸುವಾರ್ತೆಯನ್ನು ಕೊಡಬಂದವನಿಗೆ ಆ ಜನರ ಕೈಯಿಂದಲೇ ಪ್ರಾಣದಾನವಾಯಿತು. 1835ರಲ್ಲಿ ರೀಸನು ಸಮುದ್ರತೀರವನ್ನು ಬಿಟ್ಟು ಗುಡ್ಡದ ಮೇಲಣ ಅಕ್ರೊಪಾಂಗ್ ಎಂಬ ಊರಿಗೆ ಹೋದನು. ಅಲ್ಲಿಗೆ ಸಹಾಯಕ್ಕಾಗಿ ಬಂದ ಮ್ಯೂರ್ಡ್ಟರ್, ಸ್ಟಾಂಗರ್ ಎಂಬವರೂ ಬದುಕಲಿಲ್ಲ. 1840ರಲ್ಲಿ ರೀಸನು ಸ್ವದೇಶಕ್ಕೆ ಹಿಂದಿರುಗುವಾಗ ಲೆಕ್ಕ ನೋಡಿದರೆ, ಹನ್ನೆರಡು ವರುಷಗಳಲ್ಲಿ ಎಂಟು ಮಂದಿ ಸತ್ತಿದ್ದರು.

ಇವರಲ್ಲಿ ಆರು ಮಂದಿ ಸತ್ತ ಸಮಾಚಾರವು ಬಂದ ಮೇಲೆಯೇ, 1834ನೆಯ ಇಸವಿಯಲ್ಲಿ, ಬಾಸೆಲಿನವರು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ನಮ್ಮ ಮಂಗಳೂರಿಗೆ ಕಳುಹಿಸಿದರು. ಹೆಬಿಕ್ ಪಾದ್ರಿಯು ಇಪ್ಪತ್ತೈದು ವರುಷ ಈ ಕರಾವಳಿಯಲ್ಲಿ ದುಡಿದು, 1859ರಲ್ಲಿ ಸ್ವದೇಶಕ್ಕೆ ಮರಳಿ, 1868ರಲ್ಲಿ ಮೃತಪಟ್ಟರು. ಒಂದೇ ಮಿಷನ್ನು, ಒಂದೇ ಪ್ರಾರ್ಥನೆ. ಹೆಬಿಕ್ ಪಾದ್ರಿಗೆ ಕಾಲು ಶತಮಾನ, ವೈದ್ಯ ಹೈನ್ಜೆಗೆ ಕೆಲವೇ ವಾರ. ಇದನ್ನು ವಿಶ್ವಾಸದ ತಕ್ಕಡಿಯಲ್ಲಿ ತೂಗಿ ತೋರಿಸಲು ಯಾರಿಂದಾದೀತು?

ಸತ್ಯವೇದವೂ ಹಾಗೆ ತೂಗುವುದಿಲ್ಲ. ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯವನ್ನು ತೆಗೆಯಿರಿ. ಪೇತ್ರನು ಸೆರೆಯಲ್ಲಿದ್ದಾಗ ದೇವದೂತನು ಬಂದು ಸಂಕೋಲೆಗಳನ್ನು ಬಿಡಿಸಿದ್ದು, ರೋದೆಯೆಂಬ ಹುಡುಗಿಯು ಸಂತೋಷದಲ್ಲಿ ಬಾಗಿಲನ್ನು ತೆರೆಯುವುದನ್ನೇ ಮರೆತು ಒಳಗೆ ಓಡಿದ್ದು, ಇವೆಲ್ಲ ನಿಮಗೆ ನೆನಪಿರಬೇಕು. ಶಾಲೆಯ ಹಬ್ಬದಲ್ಲಿ ಇದನ್ನು ಆಡದ ತಂಡವಿಲ್ಲ. ಆದರೆ ಅದೇ ಅಧ್ಯಾಯದ ಎರಡನೆಯ ವಚನವನ್ನು ನಾವು ಎಂದೂ ಆಡಿ ತೋರಿಸಲಿಲ್ಲ. ಅರಸನಾದ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಅಷ್ಟೇ, ಒಂದು ವಚನ. ಪೇತ್ರನ ಬಿಡುಗಡೆಗಾದರೋ ಹದಿನೈದು ವಚನಗಳು. ಕರ್ತನು ತಾನೇ ಕರೆದು ಬಳಿಯಲ್ಲಿರಿಸಿಕೊಂಡ ಶಿಷ್ಯರಿಬ್ಬರಲ್ಲಿ ಒಬ್ಬನು ಬಿಡುಗಡೆಯಾದನು, ಒಬ್ಬನು ಹತನಾದನು. ಲೂಕನು ಕಾರಣವನ್ನು ಹೇಳಲಿಲ್ಲ. ಯಾಕೋಬನ ವಿಶ್ವಾಸದಲ್ಲಿ ಕುಂದಿತ್ತೆಂದು ಸೂಚಿಸಲೂ ಇಲ್ಲ.

ಇನ್ನೊಂದು ಮಾತು. ತೊಂಭತ್ತೊಂದನೆಯ ಕೀರ್ತನೆಯನ್ನು ಎತ್ತಿ ಹೇಳಿದವರಲ್ಲಿ ಸೈತಾನನೂ ಒಬ್ಬನು. ದೇವಾಲಯದ ಶಿಖರದ ಮೇಲೆ ಯೇಸುವನ್ನು ನಿಲ್ಲಿಸಿ, ದೇವದೂತರು ಕಾಪಾಡುವರು, ಧುಮುಕು ಎಂದನು. ಕರ್ತನು ಧುಮುಕಲಿಲ್ಲ. ಆದಕಾರಣ ವಾಗ್ದಾನವನ್ನು ನಂಬುವುದು ಬೇರೆ, ಅದನ್ನು ಪರೀಕ್ಷೆಗೆ ಒಡ್ಡುವುದು ಬೇರೆ. ಗೋಲ್ಡ್ ಕೋಸ್ಟಿನ ಆ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಆ ಕಾಲದವರು ತಿಳಿದಿದ್ದರು. 1854ರಲ್ಲಿ ಅದೇ ಪಶ್ಚಿಮ ಆಫ್ರಿಕದ ನೈಜರ್ ನದಿಯಲ್ಲಿ ಹಡಗಿನಲ್ಲಿ ಹೋದ ಬೈಕೀ ಎಂಬ ವೈದ್ಯನು ತನ್ನವರಿಗೆ ಮುಂಚಿತವಾಗಿಯೇ ಕ್ವಿನೈನ್ ಕೊಡಿಸಿದ್ದರಿಂದ ಒಬ್ಬನೂ ಜ್ವರದಿಂದ ಸಾಯಲಿಲ್ಲ. ಮಲೇರಿಯವನ್ನು ಸೊಳ್ಳೆಯು ಹರಡುತ್ತದೆಂಬುದರ ಗುಟ್ಟನ್ನು ರೊನಾಲ್ಡ್ ರಾಸ್ ಎಂಬವರು 1897ರಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ಔಷಧವನ್ನು ನುಂಗುವುದೂ ಸೊಳ್ಳೆಪರದೆಯನ್ನು ಕಟ್ಟುವುದೂ ಅವಿಶ್ವಾಸವೆಂದು ಹೇಳುವವರು ಈಗಲೂ ನಮ್ಮಲ್ಲಿ ಅಲ್ಲಲ್ಲಿ ಉಂಟು. ಅಂಥವರು ಶಿಖರದ ಮೇಲೆ ನಿಂತಿದ್ದಾರೆಂದು ನಮಗೆ ತೋರುತ್ತದೆ.

ಹಾಗಾದರೆ ಕಾಪಾಡುವುದೆಂದರೇನು? ಉರಿಯುವ ಆವಿಗೆಯ ಮುಂದೆ ನಿಂತ ಆ ಮೂವರು ಇಬ್ರಿಯ ಯುವಕರು ಅರಸನಿಗೆ ಕೊಟ್ಟ ಉತ್ತರದಲ್ಲಿ ಇದು ಸ್ಪಷ್ಟವಾಗಿದೆ. ತಮ್ಮ ದೇವರು ಬಿಡಿಸಬಲ್ಲನು; ಬಿಡಿಸದೆ ಹೋದರೂ ತಾವು ವಿಗ್ರಹಕ್ಕೆ ಅಡ್ಡಬೀಳುವವರಲ್ಲ ಎಂದರು. ದೇಹವು ಸುಡದಿರುವುದು ಅವರ ವಿಶ್ವಾಸಕ್ಕೆ ಷರತ್ತಾಗಿರಲಿಲ್ಲ. ಶಿಖರದಿಂದ ಧುಮುಕದ ಕರ್ತನು ಶಿಲುಬೆಯಿಂದಲೂ ಇಳಿಯಲಿಲ್ಲ. ಮರಣವನ್ನು ತಪ್ಪಿಸಿಕೊಳ್ಳದೆ ಅದರೊಳಗೆ ಹೊಕ್ಕನು. ಆತನ ಕೈಯಿಂದ ನಮ್ಮನ್ನು ಯಾವುದೂ ಕಿತ್ತುಕೊಳ್ಳಲಾರದು, ಸಾವು ಕೂಡ ಕಿತ್ತುಕೊಳ್ಳಲಾರದು ಎಂಬುದೇ ನಮಗೆ ಸಿಕ್ಕಿರುವ ವಾಗ್ದಾನವೆಂದು ನಾವು ತಿಳಿಯುತ್ತೇವೆ. ಆಸ್ಪತ್ರೆಯ ವಾರ್ಡಿನಲ್ಲಿ ಇದು ಸುಲಭವಾಗಿ ನುಡಿಯತಕ್ಕ ಮಾತಲ್ಲವೆಂಬುದನ್ನೂ ಬಲ್ಲೆವು.

ಆ ಎಂಟು ಮರಣಗಳಿಂದ ಎಷ್ಟು ಫಲವಾಯಿತು ನೋಡಿರಿ ಎಂದು ಬಹಳ ಪ್ರಸಂಗಗಳಲ್ಲಿ ಕೇಳುತ್ತೇವೆ. ಫಲವು ಬಂದದ್ದು ಸತ್ಯವೇ. 1843ರಲ್ಲಿ ರೀಸನು ವೆಸ್ಟ್ ಇಂಡೀಸಿನ ಜಮೈಕದಿಂದಲೂ ಆಂಟಿಗುವದಿಂದಲೂ ಕಪ್ಪು ಕ್ರೈಸ್ತರಾದ 24 ಮಂದಿಯನ್ನು ಕರೆದುಕೊಂಡು ಮರಳಿ ಬಂದನು. ಸಭೆಯು ಆಮೇಲೆ ಬೇರೂರಿತು. ಅವರೊಂದಿಗೆ ಬಂದವಳು ಇನ್ನೂ ಇಪ್ಪತ್ತು ತುಂಬದ ಕ್ಯಾಥರೀನ್ ಮಲ್ಗ್ರೇವ್. ಆಕೆಯನ್ನು ಬಾಲ್ಯದಲ್ಲಿ ಅಂಗೋಲದಿಂದ ಕದ್ದು ಗುಲಾಮರ ಹಡಗಿಗೆ ಹಾಕಿದ್ದರು. 1833ರಲ್ಲಿ ಹಡಗು ಜಮೈಕದ ತೀರದಲ್ಲಿ ಒಡೆಯಿತು, ಆಕೆಯು ಬದುಕಿದಳು. ಆ ಹುಡುಗಿಯೇ ಕ್ರಿಶ್ಚಿಯನ್ಸ್‌ಬೋರ್ಗಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದಳು. 1891ರ ವರೆಗೆ ಬಾಳಿದಳು. ನಮ್ಮಂಥ ಶಾಲೆಯವರಿಗೆ ಇದು ಸಂತೋಷದ ಸಂಗತಿ. ಆದರೂ ಈ ಶಾಲೆಗಾಗಿಯೇ ಸಾಲ್ಬಾಖನೂ ಹೈನ್ಜೆಯೂ ಸಾಯಬೇಕಾಯಿತೆಂದು ಅವರ ತಾಯಂದಿರ ಮುಂದೆ ನಿಂತು ಹೇಳಲು ನಮಗೆ ಬಾಯಿ ಬಾರದು. ಫಲವು ದೇವರ ಕೃಪೆ. ಅದು ಸತ್ತವರ ಬೆಲೆಯ ರಶೀತಿಯಲ್ಲ.

ಆ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವ ಮುಂಚೆ ನಾವು ಆಕೆಯನ್ನು ಕರೆದು, ಅಂದು ಕೊಟ್ಟ ಉತ್ತರವು ತಪ್ಪೆಂದು ಒಪ್ಪಿಕೊಂಡೆವು. ನಿನ್ನ ತಾಯಿಯ ವಿಶ್ವಾಸವು ಕಡಮೆಯಾಗಿರಲಿಲ್ಲ, ಯಾಕೋಬನದೂ ಕಡಮೆಯಾಗಿರಲಿಲ್ಲ, ಏಕೆ ಹೀಗಾಯಿತೆಂಬುದನ್ನು ನಾವು ಅರಿಯೆವು ಎಂದೆವು. ಹನ್ನೆರಡನೆಯ ಅಧ್ಯಾಯವನ್ನು ಕೂಡಿ ಓದಿದೆವು. ಎರಡನೆಯ ವಚನದಲ್ಲಿ ಆಕೆಯು ನಿಂತು, "ಯಾಕೋಬನ ತಾಯಿ ಆಗ ಬದುಕಿದ್ದರೇ, ಟೀಚರ್?" ಎಂದು ಕೇಳಿದಳು. ಶಿಲುಬೆಯನ್ನು ದೂರದಿಂದ ನೋಡುತ್ತಿದ್ದ ಸ್ತ್ರೀಯರಲ್ಲಿ ಜೆಬೆದಾಯನ ಮಕ್ಕಳ ತಾಯಿಯೂ ಇದ್ದಳೆಂದು ಮತ್ತಾಯನು ಬರೆದಿದ್ದಾನೆ. ಅಲ್ಲಿಂದಾಚೆಗೆ ಆಕೆಯ ವಿಷಯವಾಗಿ ವೇದದಲ್ಲಿ ಏನೂ ಇಲ್ಲವೆಂದು ಹೇಳಿದೆವು.