ವಿಜಯಪುರದ ಗುಮ್ಮಟಗಳೂ ಬಾವಡಿಗಳೂ

ಆಲಮಟ್ಟಿಯಿಂದ ವಿಜಯಪುರದತ್ತ ಸಾಗುವ ರೈಲು ಮುಳವಾಡವನ್ನು ದಾಟಿದ ಮೇಲೂ ಇಕ್ಕೆಲಗಳಲ್ಲಿ ಬಯಲೇ ಬಯಲು. ಬಿಳಿಜೋಳ ಬೆಳೆಯುವ ಎರೆನೆಲ. ಮಳೆಗಾಗಿ ಮುಗಿಲನ್ನು ನೋಡುತ್ತಲೇ ಬಾಳಿದ ಜನ. ನಗರವು ಸಮೀಪಿಸಿದಂತೆ ಈ ಬಯಲಿನ ಅಂಚಿನಲ್ಲಿ ಗೋಳಗುಮ್ಮಟವು ತಲೆಯೆತ್ತಿ ನಿಲ್ಲುತ್ತದೆ.

1490ರಿಂದ 1686ರವರೆಗೆ ಆದಿಲಶಾಹಿ ಅರಸರಿಗೆ ರಾಜಧಾನಿಯಾಗಿದ್ದ ಈ ನಗರವು ಬಹುಕಾಲ ಬಿಜಾಪುರವೆಂದು ಕರೆಯಲ್ಪಟ್ಟು, 2014ರಲ್ಲಿ ವಿಜಯಪುರವೆಂಬ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ದೇಶವಿದೇಶಗಳ ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಹಲವರು ಗೋಳಗುಮ್ಮಟವನ್ನು ಏರಿ, ಒಮ್ಮೆ ಕೂಗಿ, ಚಿತ್ರ ತೆಗೆದುಕೊಂಡು ಹಿಂದಿರುಗುವರು. ಅವರು ಗುಮ್ಮಟವನ್ನು ಕಂಡರೆಂಬುದು ನಿಜ. ಆದರೆ ಅದನ್ನು ಅರಿತರೆಂದು ಹೇಳಲಾಗದು.

ಗೋಳಗುಮ್ಮಟವು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲಶಹನ ಸಮಾಧಿ. ಒಳಗೆ ಆಧಾರಕ್ಕೆ ಒಂದು ಕಂಬವೂ ಇಲ್ಲ. ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತಿರುವುದು ಯಾವುದು? ನಾಲ್ಕು ಗೋಡೆಗಳ ಮೇಲ್ಭಾಗದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಹೆಣೆದುಕೊಂಡಿವೆ. ಚೌಕವಾದ ಕೋಣೆಯ ಮೇಲೆ ದುಂಡಾದ ಗುಮ್ಮಟ ಕುಳಿತುಕೊಳ್ಳಲು ಇವೇ ಆಸರೆ. ಗುಮ್ಮಟದ ಭಾರವು ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ತಡೆಯುವ ಕೆಲಸವೂ ಇವುಗಳದೇ. ಯಂತ್ರಗಳಿಲ್ಲದ ಕಾಲದಲ್ಲಿ ಶಿಲ್ಪಿಗಳು ಇದನ್ನು ಲೆಕ್ಕ ಹಾಕಿ ಸಾಧಿಸಿದರು. ಸಮಾಧಿಗೆ ಅರಸನ ಹೆಸರಿದೆ. ಕಲ್ಲು ಹೊತ್ತವರ, ಗಾರೆ ಅರೆದವರ ಹೆಸರುಗಳನ್ನು ನಾವು ಅರಿಯೆವು.

ಗುಮ್ಮಟದ ಬುಡದಲ್ಲಿರುವ ಪಿಸುಗುಟ್ಟುವ ಮೊಗಸಾಲೆಯು ಲೋಕಪ್ರಸಿದ್ಧ. ಒಂದು ಪಾರ್ಶ್ವದಲ್ಲಿ ಗೋಡೆಗೆ ಮುಖವಿಟ್ಟು ಮೆಲ್ಲನೆ ಆಡಿದ ಮಾತು ಎದುರು ಪಾರ್ಶ್ವದಲ್ಲಿ ಕಿವಿಗೊಟ್ಟವನಿಗೆ ಸ್ಪಷ್ಟವಾಗಿ ಕೇಳಿಸುವುದು. ಬಾಗಿದ ಗೋಡೆಯನ್ನು ಅನುಸರಿಸಿ ಧ್ವನಿಯು ಸಾಗುವುದೇ ಇದಕ್ಕೆ ಕಾರಣ. ಆದರೆ ಎಲ್ಲರೂ ಒಟ್ಟಿಗೆ ಕೂಗಿದರೆ ಅಲ್ಲಿ ಗದ್ದಲವಲ್ಲದೆ ಬೇರೇನೂ ಉಳಿಯದು. ಇತರರು ಮೌನವಾಗಿದ್ದಾಗಲೇ ಒಬ್ಬನ ಪಿಸುಮಾತು ಇನ್ನೊಬ್ಬನನ್ನು ಮುಟ್ಟೀತು.

ಇಬ್ರಾಹಿಂ ರೋಜಾದ ಸೊಬಗು ಬೇರೊಂದು ಬಗೆಯದು. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲಶಹನ ಈ ಸಮಾಧಿಯಲ್ಲಿ ಗಾತ್ರಕ್ಕಿಂತ ಕುಸುರಿಗೆ ಪ್ರಾಶಸ್ತ್ಯ. ಎರಡನೆಯ ಅಲಿ ಆದಿಲಶಹನ ಬಾರಾ ಕಮಾನಾದರೋ ಪೂರ್ಣಗೊಳ್ಳಲೇ ಇಲ್ಲ. ಛಾವಣಿಯಿಲ್ಲದೆ ನಿಂತ ಅದರ ಕಮಾನುಗಳು ರಾಜವೈಭವವು ಶಾಶ್ವತವಲ್ಲವೆಂಬುದನ್ನು ನೆನಪಿಸುತ್ತವೆ.

ಇವುಗಳಷ್ಟೇ ಮಹತ್ತ್ವದ್ದಾದರೂ ಪ್ರವಾಸಿಗರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಸಂಪತ್ತು ಇಲ್ಲಿದೆ. ಅದೇ ನೀರಿನ ವ್ಯವಸ್ಥೆ. ಮಳೆ ಕಡಿಮೆಯಾದ ಈ ನೆಲದಲ್ಲಿ ಮಹಾನಗರವೊಂದು ಬಾಳಬೇಕಾದರೆ ನೀರು ಬೇಕಲ್ಲವೆ? ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗ ಕಾಲುವೆಯಲ್ಲಿ ನೀರನ್ನು ತರಲಾಯಿತು. 1651ರಲ್ಲಿ ಬೇಗಂ ತಾಲಾಬು ನಿರ್ಮಾಣವಾಯಿತು. ಅದರ ನೀರು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯಿತು. ದಾರಿಯಲ್ಲಿ ನೀರಿನ ಒತ್ತಡವನ್ನು ತಗ್ಗಿಸಲು ಗಂಜ್ ಎಂಬ ಗೋಪುರಗಳಿದ್ದವು. 1620ರ ತಾಜ್ ಬಾವಡಿಯಂತಹ ವಿಶಾಲವಾದ ಮೆಟ್ಟಿಲುಬಾವಿಗಳು ಜನರ ದಾಹವನ್ನು ತಣಿಸಿದವು. ಗುಮ್ಮಟವಿಲ್ಲದೆಯೂ ನಗರವು ಬದುಕೀತು, ನೀರಿಲ್ಲದೆ ಬದುಕಲಾರದು.

ಮನೆಮನೆಗೆ ನಲ್ಲಿ ಬಂದ ಮೇಲೆ ಇಂತಹ ಬಾವಡಿಗಳು ಕಸದ ಗುಂಡಿಗಳಾದುದು ದುಃಖದ ಸಂಗತಿ. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯೇ ಮೊದಲಾದ ಹಲವು ಬಾವಿಗಳ ಹೂಳನ್ನೆತ್ತಿ ಶುಚಿಗೊಳಿಸಲಾಗಿದೆ. ಆದರೆ ಒಮ್ಮೆ ಶುಚಿಗೊಳಿಸಿದರೆ ಸಾಲದು. ಮತ್ತೆ ಕೆಡದಂತೆ ಕಾಯಬೇಕಾದವರು ಊರಿನವರು ಮತ್ತು ಬಂದುಹೋಗುವವರು. ಗೋಡೆಯ ಮೇಲೆ ಹೆಸರು ಕೆತ್ತುವವನು ತನ್ನನ್ನು ಅಮರನನ್ನಾಗಿಸಿಕೊಳ್ಳುವುದಿಲ್ಲ. ಶತಮಾನಗಳ ಹಿಂದಿನ ಶ್ರಮಕ್ಕೆ ಗಾಯ ಮಾಡುತ್ತಾನೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವೂ ವಿಧಿಸಿದೆ.

ಪ್ರವಾಸಿಗರಿಂದ ಆಟೋ ಓಡಿಸುವವರಿಗೆ, ಅಂಗಡಿಕಾರರಿಗೆ, ಮಾರ್ಗದರ್ಶಕರಿಗೆ ಅನ್ನ ದೊರೆಯುತ್ತದೆ. ಆದ್ದರಿಂದ ಪ್ರವಾಸ ಬೆಳೆಯಬೇಕು. ಆದರೆ ಯಾವುದನ್ನು ನೋಡಲು ಜನ ಬರುವರೋ ಅದೇ ಅಳಿದುಹೋದರೆ ಆ ಅನ್ನವೂ ಉಳಿಯದು.

ಇಂದು ಮುಳವಾಡ ಏತ ನೀರಾವರಿ ಯೋಜನೆಯು ಕೃಷ್ಣೆಯ ನೀರನ್ನು ಮೇಲೆತ್ತಿ ಒಣನೆಲಕ್ಕೆ ಹರಿಸುತ್ತಿದೆ. ಸಾಧನಗಳು ಬದಲಾಗಿವೆ, ನೆಲದ ಬಾಯಾರಿಕೆ ಮಾತ್ರ ಅದೇ. ಆ ಕಾಲುವೆಯ ದಡದಲ್ಲಿ ನಿಂತ ಬಾಲಕನೊಬ್ಬನು ತಾಜ್ ಬಾವಡಿಯನ್ನೂ ನೋಡಿ ಬಂದರೆ, ಇತಿಹಾಸವೆಂಬುದು ಅರಸರ ಕಾಳಗಗಳ ಪಟ್ಟಿಯಷ್ಟೇ ಅಲ್ಲ, ತನ್ನ ಊರಿನ ಹೊಲಕ್ಕೂ ಮನೆಯ ಕೊಡಕ್ಕೂ ಸೇರಿದ ಸಂಗತಿಯೆಂಬುದು ಅವನಿಗೆ ತಿಳಿದೀತು.