ರಜೆ ಚೀಟಿಗಿಂತ ಮುಂಚೆ ಡಾಕ್ಟರ್ ಚೀಟಿ

ಯಶವಂತಪುರದಲ್ಲಿ ಕೆಲಸ ಸಿಕ್ಕಿದೆ, ತಿಂಗಳಿಗೆ 18,000 ಅಂತ ನಿಮ್ಮಮ್ಮ ಸ್ವೀಟು ಕೊಟ್ಟು ಹೋದರು. ಬಹಳ ಸಂತೋಷ ಕಣಮ್ಮ. ಮೊದಲ ಸಂಬಳ ಬಂದಾಗ ಆ ಪೇ ಸ್ಲಿಪ್ಪನ್ನ ಸುಮ್ಮನೆ ಮಡಚಿ ಇಡಬೇಡ, ಒಂದು ಸಲ ಓದು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅಂತ 135 ರೂಪಾಯಿ ಹಿಡಿದಿರ್ತಾರೆ. ನಮ್ಮ ಆರ್.ಟಿ. ನಗರದ ಮಕ್ಕಳು ಅದನ್ನ ದಂಡ ಅಂತಲೇ ತಿಳ್ಕೊಂಡಿದ್ದಾರೆ. ‘ಆ ಇಎಸ್‌ಐ ಆಸ್ಪತ್ರೆ ಕ್ಯೂನಲ್ಲಿ ಯಾರು ನಿಲ್ತಾರೆ ಅಂಕಲ್’ ಅಂತಾರೆ. ಕ್ಯೂ ಇರೋದು ನಿಜ, ಇಲ್ಲ ಅನ್ನಲ್ಲ. ಆದರೆ ಆ ದುಡ್ಡು ಆಸ್ಪತ್ರೆಗೆ ಮಾತ್ರ ಅಲ್ಲ.

ಫ್ಯಾಕ್ಟರಿ ಟೈಂ ಆಫೀಸಿನಲ್ಲಿ ಕೂತು ತಲೆ ನರೆಸಿಕೊಂಡವನು ನಾನು, ಅದಕ್ಕೇ ಹೇಳ್ತಿದ್ದೀನಿ. ನಿನ್ನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹೋದರೆ, ಮಾಲೀಕರು ತಮ್ಮ ಕೈಯಿಂದ ಮೂರೂಕಾಲು ರೂಪಾಯಿ ಕಟ್ಟಬೇಕು, ಅಂದರೆ ನಿನ್ನ ಲೆಕ್ಕಕ್ಕೆ 585. 1948ರ ಕಾನೂನಿಂದ ಬಂದ ಯೋಜನೆ ಅದು, 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಶುರುವಾಯಿತು. ಈಗ ಹತ್ತು ಜನ ಕೆಲಸಕ್ಕಿರೋ ಅಂಗಡಿಗೂ ಅನ್ವಯಿಸುತ್ತೆ, ತಿಂಗಳ ಸಂಬಳ 21,000 ದಾಟಬಾರದು ಅಷ್ಟೆ. ರಾಜಾಜಿನಗರದ ದೊಡ್ಡ ಇಎಸ್‌ಐ ಆಸ್ಪತ್ರೆ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಹೋಗೋಕಾಗದೆ ಮನೇಲಿ ಮಲಗಿದಾಗ ಬ್ಯಾಂಕ್ ಖಾತೆಗೆ ದುಡ್ಡು ಬರುತ್ತೆ ಅನ್ನೋದು ಗೊತ್ತಿರೋರು ಕಮ್ಮಿ.

ಅದರಲ್ಲಿ ಎರಡು ದಾರಿ ಇದೆ. ಒಂದು, ಡೆಂಗಿ, ಟೈಫಾಯಿಡ್ ಥರದ ಕಾಯಿಲೆ. ಇದಕ್ಕೆ ದಿನದ ಸರಾಸರಿ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡೋದಿಲ್ಲ. ಇನ್ನೊಂದು, ಕೆಲಸದಲ್ಲಾದ ಪೆಟ್ಟು. ಇದಕ್ಕೆ ನೂರಕ್ಕೆ 90, ಡಾಕ್ಟರ್ ‘ಫಿಟ್’ ಅನ್ನೋವರೆಗೂ, ಇಷ್ಟೇ ದಿನ ಅಂತ ಮಿತಿ ಇಲ್ಲ. ಪೆಟ್ಟಾದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡೋಕಾಗಬಾರದು, ಅದೊಂದೇ ಷರತ್ತು. ದಿನದ ಸರಾಸರಿ 600 ಅಂತ ಇಟ್ಕೊ. 20 ದಿನ ಜ್ವರದಲ್ಲಿ ಮಲಗಿದರೆ 7,560 ರೂಪಾಯಿ. ಗೋಡೌನ್‌ನಲ್ಲಿ ಏಣಿಯಿಂದ ಬಿದ್ದು ಅಷ್ಟೇ ದಿನ ಮಲಗಿದರೆ 10,800.

ಮೋಸ ನಡೆಯೋದು ಈ ಎರಡರ ಮಧ್ಯೆ. ಬಿದ್ದವರನ್ನ ಸೂಪರ್‌ವೈಸರೇ ಆಟೋದಲ್ಲಿ ಕೂರಿಸಿಕೊಂಡು ಪಕ್ಕದ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗ್ತಾನೆ. ಕೌಂಟರಲ್ಲಿ ಕೂತ ಹುಡುಗಿ ‘ಏನಾಯ್ತು?’ ಅಂತ ಕೇಳ್ತಾಳೆ. ಇವರು ನೋವಲ್ಲಿ ಬಾಯಿ ಬಿಡೋ ಮುಂಚೆ ಆತನೇ ‘ಮನೇಲಿ ಮೆಟ್ಟಿಲು ಜಾರಿ ಬಿದ್ದರಂತೆ’ ಅಂತಾನೆ, ಅವಳು ಹಾಗೇ ಬರ್ಕೊಳ್ತಾಳೆ. ಆ ಒಂದು ಸಾಲು ಆಮೇಲೆ ಅಳಿಸೋದು ಬಹಳ ಕಷ್ಟ. ‘ಬಿಲ್ ನಾವೇ ಕೊಡ್ತೀವಿ, ನಾಲ್ಕು ದಿನ ರಜೆ ಹಾಕ್ಕೊ’ ಅನ್ನೋ ಮಾತು ಕೇಳೋಕೆ ಚೆಂದ. ಮೂಳೆ ಕೂಡದೆ ನಾಲ್ಕು ದಿನ ನಾಲ್ಕು ವಾರ ಆದಾಗ ಆ ಮಾತು ಆಡಿದವರು ಫೋನ್ ಎತ್ತಲ್ಲ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡ್ತಿದ್ದಾಗ ಬಿದ್ದೆ ಅಂತ ನೀನೇ ಬರೆಸು. ಅಪಘಾತದ ವರದಿ, ಫಾರಂ 12 ಅಂತಾರೆ, ಅದನ್ನ 24 ಗಂಟೆಯೊಳಗೆ ಕಳಿಸೋದು ಕಂಪನಿ ಕೆಲಸ. ಕಳಿಸಿದರಾ ಅಂತ ಮೆಸೇಜ್ ಹಾಕಿ ಕೇಳು, ಸಾಕ್ಷಿ ಉಳಿಯುತ್ತೆ.

ಸ್ಕೂಟಿಯಲ್ಲಿ ಮೇಖ್ರಿ ಸರ್ಕಲ್ ದಾಟಿ ಹೋಗ್ತೀಯಲ್ಲ, ಅಲ್ಲಿ ಬಿದ್ದರೂ ಈ ಪೆಟ್ಟಿನ ದುಡ್ಡು ಸಿಗಬಹುದು. ಮನೆಗೂ ಕೆಲಸದ ಜಾಗಕ್ಕೂ ನಡುವೆ ಆದ ಅಪಘಾತವನ್ನೂ 2010ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಹೊತ್ತು, ಜಾಗ ಕೆಲಸಕ್ಕೆ ಹೊಂದಬೇಕು ಅಷ್ಟೆ. ಸಂಜೆ ಕಮರ್ಷಿಯಲ್ ಸ್ಟ್ರೀಟ್ ಸುತ್ತಿಕೊಂಡು ಬರೋವಾಗ ಬಿದ್ದು ಇದನ್ನ ಕೇಳಬೇಡ ಮತ್ತೆ!

ಹೊಸಬರು ಒಂದು ವಿಷಯ ತಿಳಿದಿರಬೇಕು. ಡಾಕ್ಟರು, ಔಷಧಿ ಶುರುವಿಂದಲೇ ಸಿಗುತ್ತೆ, ಪೆಟ್ಟಿನ ದುಡ್ಡಿಗೂ ಮೊದಲ ದಿನದಿಂದಲೇ ಹಕ್ಕು. ಕಾಯಿಲೆ ದುಡ್ಡು ಮಾತ್ರ ಸೇರಿದ ಒಂಬತ್ತು ತಿಂಗಳ ನಂತರ. ಆಮೇಲೂ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ಆರಾರು ತಿಂಗಳ ಲೆಕ್ಕದಲ್ಲಿ 78 ದಿನದ ಕಂತು ಬಿದ್ದಿರಬೇಕು. ಸಂಬಳವಿಲ್ಲದ ರಜೆ ಜಾಸ್ತಿ ಹಾಕೋರು ಇಲ್ಲೇ ಎಡವೋದು.

ಮಲಗಿದ ಮೊದಲ ದಿನವೇ ನಿನ್ನ ಇಎಸ್‌ಐ ಕಾರ್ಡಿಗೆ ಸೇರಿದ ಡಿಸ್ಪೆನ್ಸರಿಯಲ್ಲಿ ಸರ್ಟಿಫಿಕೇಟ್ ಬರೆಸು. ಹೊರಗಿನ ಡಾಕ್ಟರ್ ಚೀಟಿ ನಂಬಿಕೊಂಡರೆ ಓಡಾಟ ತಪ್ಪಲ್ಲ. ದುಡ್ಡು ತಗೊಳ್ಳೋ ದಿನಗಳಲ್ಲಿ ‘ಅರ್ಧ ದಿನ ಬಂದು ಬಿಲ್ಲಿಂಗ್ ಮಾಡಿ ಹೋಗು’ ಅಂದರೆ ಹೋಗಬೇಡ, ಆ ದಿನದ್ದು ಕಳ್ಕೊಳ್ತೀಯ. ಕೆಲಸದಿಂದ ತೆಗೆದುಬಿಡ್ತಾರೆ ಅನ್ನೋ ಭಯವೂ ಬೇಡ, ಆ ಅವಧಿಯಲ್ಲಿ ತೆಗೆಯೋ ಹಾಗಿಲ್ಲ.

ಮುಂದೆ ಸಂಬಳ 21,000 ದಾಟಿದರೆ ಆ ಆರು ತಿಂಗಳ ಕಂತು ಮುಗಿಯೋವರೆಗೆ ಇಎಸ್‌ಐ ನಡೆಯುತ್ತೆ, ಆಮೇಲೆ ನಿಲ್ಲುತ್ತೆ. ಬಡ್ತಿ ಪತ್ರ ಕೈಗೆ ಬಂದ ದಿನವೇ ಎಚ್‌ಆರ್ ಹತ್ರ ಹೋಗಿ ಗ್ರೂಪ್ ಅಪಘಾತ ಪಾಲಿಸಿ ಇದೆಯಾ, ಮಲಗಿದ ವಾರಗಳಿಗೂ ಅದರಲ್ಲಿ ದುಡ್ಡು ಬರುತ್ತಾ ಅಂತ ಕೇಳು. ಸತ್ತರೆ ಇಷ್ಟು ಲಕ್ಷ ಅನ್ನೋದನ್ನ ಅವರಾಗೇ ಹೇಳ್ತಾರೆ, ಇದನ್ನ ನಾವೇ ಕೇಳಬೇಕು.