ಒಣ ಲೇನ್‌ಗೆ ಯಾವ ಚೆಂಡು? ಹದ ನೋಡಿ ಉರುಳಿಸಿ

ನಮ್ಮ ರಾಮಗಿರಿ ಕಡೆ ಬಿತ್ತನೆಗೆ ಇಳಿಯುವ ಮುನ್ನ ರೈತರು ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿ ನೋಡುತ್ತಾರೆ. ಉಂಡೆ ಕಟ್ಟಿದರೆ ಹದ ಇದೆ, ಪುಡಿಯಾಗಿ ಉದುರಿದರೆ ಇಲ್ಲ. ಬೀಜ ಎಷ್ಟೇ ಒಳ್ಳೆಯದಿರಲಿ, ಹದ ನೋಡದೆ ಬಿತ್ತಿದವರು ಕೈಸುಟ್ಟುಕೊಳ್ಳುತ್ತಾರೆ. ಟೆನ್‌ಪಿನ್ ಬೌಲಿಂಗ್‌ನಲ್ಲೂ ಇದೇ ಮಾತು ಸಲ್ಲುತ್ತದೆ.

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಿಂದ ಕೆಲಸಕ್ಕೆಂದು ಬೆಂಗಳೂರು ಸೇರಿದ ಎಷ್ಟೋ ಹುಡುಗ ಹುಡುಗಿಯರು ಆಫೀಸಿನ ಗೆಳೆಯರ ಜೊತೆ ಮೊದಲ ಸಲ ಬೌಲಿಂಗ್ ಚೆಂಡು ಹಿಡಿಯುತ್ತಾರೆ. ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಸೆಂಟರ್‌ನಲ್ಲೋ ಯಾವುದಾದರೂ ಮಾಲ್‌ನಲ್ಲೋ ಶುರುವಾದ ಮೋಜು ಕೆಲವರಿಗೆ ಹವ್ಯಾಸವಾಗುತ್ತದೆ, ಸ್ವಂತ ಚೆಂಡು ಕೊಳ್ಳುವ ಮಟ್ಟಕ್ಕೂ ಹೋಗುತ್ತದೆ. ಆಮೇಲೆ ಬರುವ ಮೊದಲ ದೊಡ್ಡ ತೊಡಕೇ ಎಣ್ಣೆ ಒಣಗಿದ ಲೇನ್, ಅಂದರೆ ಚೆಂಡು ಉರುಳುವ ಹಾದಿ.

ನನಗೂ ಹಾಗೇ ಆಯಿತು. ಹೆಚ್ಚು ತಿರುಗುವ ಚೆಂಡು ಕೊಂಡು, ಅದರ ಮೈಯನ್ನು ಚೆನ್ನಾಗಿ ಉಜ್ಜಿಸಿ, ಒಂದು ಸಂಜೆಯ ಸಣ್ಣ ಸ್ಪರ್ಧೆಗೆ ಹೋಗಿದ್ದೆ. ಬೆಳಗಿನಿಂದ ಆಟ ನಡೆದ ಲೇನ್ ಅದು. ಬಿಟ್ಟ ಚೆಂಡೆಲ್ಲ ಅರ್ಧ ದಾರಿಗೇ ಎಡಕ್ಕೆ ಹೊರಳಿ ಮುಂದಿನ ಪಿನ್ನನ್ನು ದಾಟಿ ಹೋಗುತ್ತಿತ್ತು. ಕೈ ಜೋರು ಮಾಡಿದಷ್ಟೂ ಆಟ ಕೆಟ್ಟಿತು. ಅಂದು ತಿಳಿದದ್ದು ಇಷ್ಟು: ಒಣ ಲೇನ್‌ನಲ್ಲಿ ಮೊದಲು ಚೆಂಡನ್ನು ತಣ್ಣಗೆ ಮಾಡಬೇಕು, ಆಮೇಲೆ ಕಾಲು ಸರಿಸಬೇಕು, ಕೈಯನ್ನು ಕೊನೆಗೆ ಮುಟ್ಟಬೇಕು. ಈ ಲೇಖನದ ಕ್ರಮವೂ ಅದೇ. ಇಲ್ಲಿ ಬರುವ ಎಡ, ಬಲ ಎಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ತಿರುವುಮುರುವು ಮಾಡಿಕೊಳ್ಳಬೇಕು.

ಹಂತ 1: ಲೇನ್‌ನ ಹದ ನೋಡಿ

ಫೌಲ್ ಗೆರೆಯಿಂದ ಮುಂದಿನ ಪಿನ್‌ವರೆಗೆ 60 ಅಡಿ. ಅಗಲ ಸುಮಾರು 41.5 ಇಂಚು. ಅಡ್ಡಲಾಗಿ 39 ಬೋರ್ಡ್‌ಗಳು, ಅಂದರೆ ಒಂದೊಂದೂ ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಈ ಲೇನ್‌ಗೆ ಯಂತ್ರದಿಂದ ತೆಳುವಾಗಿ ಎಣ್ಣೆ ಬಳಿಯುತ್ತಾರೆ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಮಾತ್ರ ಎಣ್ಣೆ, ಕೊನೆಯ 20 ಅಡಿ ಒಣ. ನಡುವೆ ಎಣ್ಣೆ ಜಾಸ್ತಿ, ಎರಡೂ ಅಂಚಿನಲ್ಲಿ ಕಡಿಮೆ. ಎಣ್ಣೆ ಇರುವಲ್ಲಿ ಚೆಂಡು ಜಾರುತ್ತದೆ, ಒಣ ಇರುವಲ್ಲಿ ನೆಲ ಕಚ್ಚಿ ತಿರುಗುತ್ತದೆ.

ಆಟ ನಡೆದಂತೆ ಚೆಂಡುಗಳು ಎಣ್ಣೆಯನ್ನು ಹೀರುತ್ತವೆ, ಮುಂದಕ್ಕೆ ಒರೆಸಿಕೊಂಡು ಹೋಗುತ್ತವೆ. ಮತ್ತೆ ಎಣ್ಣೆ ಬಳಿಯದಿದ್ದರೆ ಸಂಜೆ ಹೊತ್ತಿಗೆ ಲೇನ್ ಒಣಗಿರುತ್ತದೆ. ಕೌಂಟರ್‌ನಲ್ಲಿ ‘ಎಣ್ಣೆ ಯಾವಾಗ ಹಾಕಿದ್ದು?’ ಎಂದು ಕೇಳಿ. ಸಂಕೋಚ ಬೇಡ.

ಅಭ್ಯಾಸದ ಮೂರು ಚೆಂಡುಗಳಲ್ಲಿ ಈ ಲಕ್ಷಣಗಳನ್ನು ಗಮನಿಸಿ:

• ಫೌಲ್ ಗೆರೆಯಿಂದ ಸುಮಾರು 15 ಅಡಿ ದೂರದಲ್ಲಿರುವ ಬಾಣದ ಗುರುತುಗಳ ಆಸುಪಾಸಿನಲ್ಲೇ ಚೆಂಡು ತಿರುಗಲು ಶುರುಮಾಡುತ್ತದೆ.
• ಚೆಂಡು ಮುಂದಿನ ಪಿನ್ನಿನ ಎಡಕ್ಕೆ ದಾಟಿ ಹೋಗುತ್ತದೆ.
• ಸರಿಯಾದ ಜಾಗಕ್ಕೇ ಬಡಿದರೂ ಪಿನ್‌ಗಳು ಸಿಡಿಯದೆ ಸುಮ್ಮನೆ ಬೀಳುತ್ತವೆ. ಚೆಂಡು ತನ್ನ ತಿರುಗುವ ಶಕ್ತಿಯನ್ನೆಲ್ಲ ದಾರಿಯಲ್ಲೇ ಕಳೆದುಕೊಂಡಿದೆ ಎಂದರ್ಥ.
• ವಾಪಸ್ ಬಂದ ಚೆಂಡಿನ ಮೈಮೇಲೆ ಎಣ್ಣೆಯ ಬಳೆಗಳು ಕಾಣುವುದೇ ಇಲ್ಲ, ಅಥವಾ ತೀರಾ ಮಸುಕಾಗಿರುತ್ತವೆ.

ಕೊನೆಯದು ಒಳ್ಳೆಯ ಪರೀಕ್ಷೆ. ಚೆಂಡನ್ನು ದೀಪದ ಕಡೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಎಣ್ಣೆ ಇದ್ದರೆ ಬಳೆಗಳು ಮಿಂಚುತ್ತವೆ. ಹದ ನೋಡಲೆಂದು ಫೌಲ್ ಗೆರೆ ದಾಟಿ ಲೇನ್ ಮುಟ್ಟಲು ಮಾತ್ರ ಹೋಗಬೇಡಿ. ಶೂಗೆ ಎಣ್ಣೆ ಮೆತ್ತಿಕೊಂಡರೆ ಮುಂದಿನ ಹೆಜ್ಜೆ ಎಲ್ಲಿ ಜಾರುತ್ತದೋ ಹೇಳಲಾಗದು.

ಹಂತ 2: ಹೊರಪದರ ಆರಿಸಿ

ಚೆಂಡಿನ ಹಿಡಿತದ ಬಹುಪಾಲು ಅದರ ಹೊರಪದರದಲ್ಲಿದೆ. ಮುಖ್ಯವಾಗಿ ಮೂರು ಬಗೆ.

ಪಾಲಿಯೆಸ್ಟರ್, ಆಟಗಾರರ ಮಾತಿನಲ್ಲಿ ‘ಪ್ಲಾಸ್ಟಿಕ್’: ನೆಲವನ್ನು ಕಡಿಮೆ ಕಚ್ಚುತ್ತದೆ, ಹೆಚ್ಚುಕಡಿಮೆ ನೇರ ಹೋಗುತ್ತದೆ. ಸೆಂಟರ್‌ಗಳಲ್ಲಿ ಸಾಲಾಗಿ ಇಟ್ಟಿರುವ ಬಾಡಿಗೆ ಚೆಂಡುಗಳು ಬಹುತೇಕ ಇವೇ. ಲೇನ್ ತೀರಾ ಒಣಗಿದ್ದರೆ ಇದೇ ಕ್ಷೇಮ. ಉಳಿದ ಒಂದೆರಡು ಪಿನ್ ಕೆಡವುವ ಸ್ಪೇರ್‌ಗಂತೂ ಯಾವತ್ತೂ ಇದೇ ಸರಿ.

ಯೂರಿಥೇನ್: 1980ರ ದಶಕದಲ್ಲಿ ಬಂದದ್ದು. ಬೇಗ ತಿರುಗಲು ಶುರುಮಾಡಿದರೂ ಜಿಗಿಯುವುದಿಲ್ಲ, ಹದವಾಗಿ ಬಾಗುತ್ತದೆ. ಲೇನ್‌ನ ಕೊನೆಯ ಭಾಗ ಒಣಗಿದ್ದು, ಮೊದಲ ಭಾಗದಲ್ಲಿ ಇನ್ನೂ ಸ್ವಲ್ಪ ಎಣ್ಣೆ ಇದ್ದರೆ ಇದು ಹೇಳಿದ ಮಾತು ಕೇಳುತ್ತದೆ. ಮೊದಲ ಭಾಗವೇ ಒಣಗಿದ್ದರೆ ಯೂರಿಥೇನ್ ಕೂಡ ಬೇಗ ಸುಸ್ತಾಗುತ್ತದೆ.

ರಿಯಾಕ್ಟಿವ್ ರೆಸಿನ್: 1990ರ ದಶಕದ ಆರಂಭದಿಂದ ಆಟದ ಸ್ವರೂಪವನ್ನೇ ಬದಲಿಸಿದ ಚೆಂಡು. ಮೈತುಂಬ ಸೂಕ್ಷ್ಮ ರಂಧ್ರಗಳಿದ್ದು ಎಣ್ಣೆ ಹೀರುತ್ತದೆ, ಒಣ ಜಾಗಕ್ಕೆ ಬಂದಾಗ ಬಲವಾಗಿ ತಿರುಗುತ್ತದೆ. ಇದರಲ್ಲಿ ‘ಸಾಲಿಡ್’ ಬೇಗ ಕಚ್ಚುತ್ತದೆ, ‘ಪರ್ಲ್’ ಹೆಚ್ಚು ದೂರ ಜಾರಿ ಆಮೇಲೆ ತಿರುಗುತ್ತದೆ. ಒಣ ಲೇನ್‌ಗೆ ರಿಯಾಕ್ಟಿವ್ ಬೇಕೇ ಬೇಕೆಂದರೆ, ಕಡಿಮೆ ಹಿಡಿತದ, ಪಾಲಿಶ್ ಆದ ಪರ್ಲ್ ಆರಿಸಿ.

ಹಂತ 3: ಒಳಗಿನ ಕೋರ್ ವಿಚಾರಿಸಿ

ಕೋರ್ ಎಂದರೆ ಚೆಂಡಿನೊಳಗಿನ ತಿರುಳು. ಅದರ ಬಗ್ಗೆ ಅಂಗಡಿಯಲ್ಲಿ ಎರಡು ಅಂಕಿ ಕೇಳಿ: ಆರ್‌ಜಿ ಮತ್ತು ಡಿಫರೆನ್ಶಿಯಲ್. ಆರ್‌ಜಿ 2.46ರಿಂದ 2.80ರೊಳಗೆ ಇರಬೇಕೆಂಬುದು ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿಯ ಮಿತಿ. ಅಂಕಿ ಹೆಚ್ಚಿದ್ದಷ್ಟೂ ಚೆಂಡು ತಿರುಗಲು ಶುರುಮಾಡುವುದು ತಡ. ಒಣ ಲೇನ್‌ಗೆ 2.55ರ ಆಸುಪಾಸು ಅಥವಾ ಹೆಚ್ಚಿನದು ಒಳ್ಳೆಯದು. ಡಿಫರೆನ್ಶಿಯಲ್ ಜಾಸ್ತಿ ಇದ್ದರೆ ಚೆಂಡು ಪ್ರತಿ ಸುತ್ತಿಗೂ ಹೊಸ ಮೈಯನ್ನು ನೆಲಕ್ಕೆ ಒಡ್ಡಿ (ಇದನ್ನೇ ಫ್ಲೇರ್ ಎನ್ನುತ್ತಾರೆ) ಹೆಚ್ಚು ಕಚ್ಚುತ್ತದೆ. ಇದಕ್ಕೆ ಗರಿಷ್ಠ ಮಿತಿ 0.060. ಒಣ ಲೇನ್‌ಗೆ 0.030ಕ್ಕಿಂತ ಕಡಿಮೆ ಸಾಕು. ತೂತು ಕೊರೆಯುವವರಿಗೆ ‘ಒಣ ಲೇನ್‌ಗೆ, ಫ್ಲೇರ್ ಕಡಿಮೆ ಇರಲಿ’ ಎಂದು ಮೊದಲೇ ಹೇಳಿ. ಕೊರೆದ ಮೇಲೆ ಹೇಳಿ ಪ್ರಯೋಜನವಿಲ್ಲ.

ತೂಕದ ವಿಷಯದಲ್ಲಿ ಹಮ್ಮು ಬೇಡ. ನಿಯಮದಂತೆ ಗರಿಷ್ಠ 16 ಪೌಂಡ್, ಅಂದರೆ ಸುಮಾರು 7.26 ಕಿಲೊ. ಇಡೀ ಸಂಜೆ ತೋಳು ಸೋಲದೆ ಬೀಸಬಲ್ಲಷ್ಟು ತೂಕ ನಿಮ್ಮದು. ಹೆಬ್ಬೆರಳು ತೂತಿನಿಂದ ಸಲೀಸಾಗಿ ಹೊರಬರಬೇಕು. ಚೆಂಡು ಬೀಳದಿರಲೆಂದು ಬೆರಳಿನಿಂದ ಹಿಂಡುವಂತಿರಬಾರದು.

ಹಂತ 4: ಚೆಂಡಿನ ಮೈ ನುಣುಪು ಮಾಡಿ

ಹೊಸ ಚೆಂಡಿಗೆ ಹಣ ಸುರಿಯುವ ಮುನ್ನ ಇರುವ ಚೆಂಡಿನ ಮೈ ನೋಡಿ. ಉಜ್ಜುವ ಪ್ಯಾಡ್‌ಗಳು 500, 1000, 2000, 4000 ಎಂಬ ಅಂಕಿಗಳಲ್ಲಿ ಸಿಗುತ್ತವೆ. ಅಂಕಿ ಚಿಕ್ಕದಾದಷ್ಟೂ ಮೈ ಒರಟು, ಒರಟಾದಷ್ಟೂ ಕಚ್ಚುವುದು ಜಾಸ್ತಿ. ಒಣ ಲೇನ್‌ಗೆ 4000, ಅಥವಾ ಅದರ ಮೇಲೆ ಪಾಲಿಶ್.

ಮನೆಯಲ್ಲೇ ಮಾಡಬಹುದು. ಹಳೆಯ ಟವೆಲನ್ನು ನೀರಿನ ಕೊಡಕ್ಕೆ ಇಡುವ ಸಿಂಬೆಯಂತೆ ಸುತ್ತಿ ನೆಲದ ಮೇಲಿಟ್ಟು, ಅದರ ಮೇಲೆ ಚೆಂಡು ಕೂರಿಸಿ. ಬೆರಳಿನ ತೂತುಗಳಿಗೆ ನೀರು ಇಳಿಯದಂತೆ ಟೇಪ್ ಅಂಟಿಸಿ. 2000ದ ಪ್ಯಾಡನ್ನು ನೀರಲ್ಲಿ ನೆನೆಸಿ, ಅಂಗೈ ಪೂರ್ತಿ ಊರಿ, ಒಂದೇ ಸಮನಾದ ಒತ್ತಡದಲ್ಲಿ 30 ಸೆಕೆಂಡು ಉಜ್ಜಿ. ಚೆಂಡನ್ನು ಕಾಲುಭಾಗ ಹೊರಳಿಸಿ ಮತ್ತೆ 30 ಸೆಕೆಂಡು. ಹೀಗೆ ನಾಲ್ಕು ಮಗ್ಗುಲು, ಆಮೇಲೆ ಮೇಲೆ, ಕೆಳಗೆ. ಒರೆಸಿ, 4000ದ ಪ್ಯಾಡ್‌ನಲ್ಲಿ ಅದನ್ನೇ ಮತ್ತೊಮ್ಮೆ ಮಾಡಿ. ಒಂದು ಮಗ್ಗುಲು ಹೆಚ್ಚು, ಇನ್ನೊಂದು ಕಡಿಮೆ ಉಜ್ಜಿದರೆ ಚೆಂಡು ಒಂದೊಂದು ಸಲ ಒಂದೊಂದು ರೀತಿ ಹೋಗುತ್ತದೆ. ಹಾಗಾಗಿ ಗಡಿಯಾರ ಎದುರಿಗಿರಲಿ.

ಒಂದು ಎಚ್ಚರಿಕೆ: ಪಾಲಿಶ್ ಆದ ರಿಯಾಕ್ಟಿವ್ ಚೆಂಡು ಮೊದಲ ಭಾಗದಲ್ಲಿ ಜಾರಿ, ಕೊನೆಯ ಒಣ ಭಾಗದಲ್ಲಿ ತಟ್ಟನೆ ಜಿಗಿಯಬಹುದು. ಹಾಗೆ ಕಂಡರೆ ಪಾಲಿಶ್ ಹೆಚ್ಚಿಸಬೇಡಿ. ಯೂರಿಥೇನ್ ಅಥವಾ ಪ್ಲಾಸ್ಟಿಕ್‌ಗೆ ಇಳಿಯಿರಿ.

ಹಂತ 5: ಕಾಲು ಸರಿಸಿ

ಚೆಂಡು ತಪ್ಪಿದ ಕಡೆಗೇ ಕಾಲು ಸರಿಯಬೇಕು. ಎಡಕ್ಕೆ ದಾಟಿತೇ? ನಿಲ್ಲುವ ಜಾಗವನ್ನು ಎರಡು ಬೋರ್ಡ್ ಎಡಕ್ಕೆ, ಗುರಿಯನ್ನು ಒಂದು ಬೋರ್ಡ್ ಎಡಕ್ಕೆ ತನ್ನಿ. ಇದರಿಂದ ಚೆಂಡು ನಡುವಿನ ಎಣ್ಣೆಯ ಮೇಲೆ ಹೆಚ್ಚು ದೂರ ಸಾಗುತ್ತದೆ. ಸಾಲದಿದ್ದರೆ ಮತ್ತೆ ಎರಡು ಮತ್ತು ಒಂದು. ಹೊಸಬರು ಒಂದೇ ಬೋರ್ಡ್ ಸರಿದು, ಸರಿಹೋಗಲಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಲೇನ್ ಒಣಗುತ್ತಲೇ ಇರುವಾಗ ನೀವೂ ಸರಿಯುತ್ತಲೇ ಇರಬೇಕು.

ಹಂತ 6: ಕೊನೆಗೆ ಕೈ

ವೇಗ ಬೇಕೆಂದು ತೋಳಿನಿಂದ ಎಸೆಯಬೇಡಿ. ನಿಂತಾಗ ಚೆಂಡನ್ನು ಮಾಮೂಲಿಗಿಂತ ಒಂದು ಗೇಣು ಎತ್ತರಕ್ಕೆ ಹಿಡಿಯಿರಿ. ಬೀಸು ಉದ್ದವಾಗಿ ವೇಗ ತಾನಾಗೇ ಬರುತ್ತದೆ. ಹೆಜ್ಜೆಯನ್ನೂ ಸ್ವಲ್ಪ ಚುರುಕು ಮಾಡಬಹುದು. ಬಿಡುವ ಹೊತ್ತಿಗೆ ಅಂಗೈ ಚೆಂಡಿನ ಹಿಂದೆಯೇ ಇರಲಿ. ಪಕ್ಕಕ್ಕೆ ತಿರುಚಿದರೆ ತಿರುವು ಚೂಪಾಗುತ್ತದೆ. ಮಣಿಕಟ್ಟನ್ನು ಸ್ವಲ್ಪ ಸಡಿಲ ಬಿಟ್ಟರೆ ಸುತ್ತುಗಳೂ ಕಡಿಮೆಯಾಗುತ್ತವೆ. ಫೌಲ್ ಗೆರೆಯಿಂದ ಒಂದಡಿ ಮುಂದೆ ಚೆಂಡು ಇಳಿಸುವುದೂ ಒಂದು ದಾರಿ, ಆದರೆ ದೂರಕ್ಕೆ ಎತ್ತಿಹಾಕಿ ಲೇನ್ ಕೆಡಿಸಬೇಡಿ.

ಸ್ಪರ್ಧೆಗೆ ಹೋಗುವವರಿಗೆ

ಯುಎಸ್‌ಬಿಸಿ ನಿಯಮದ ಸ್ಪರ್ಧೆ ಶುರುವಾದ ಮೇಲೆ ಪ್ಯಾಡ್‌ನಿಂದ ಚೆಂಡು ಉಜ್ಜುವಂತಿಲ್ಲ. 2019ರ ಆಗಸ್ಟ್‌ನಲ್ಲಿ ದ್ರವದಿಂದ ಒರೆಸುವುದನ್ನೂ ನಿರ್ಬಂಧಿಸಲಾಯಿತು. ಆದ್ದರಿಂದ ನುಣುಪು ಮಾಡುವ ಕೆಲಸವೆಲ್ಲ ಹಿಂದಿನ ದಿನವೇ ಮುಗಿಯಲಿ. ಸಾಧ್ಯವಾದರೆ ಬೇರೆ ಬೇರೆ ನುಣುಪಿನ ಎರಡು ಚೆಂಡು, ಜೊತೆಗೊಂದು ಪ್ಲಾಸ್ಟಿಕ್ ಒಯ್ಯಿರಿ. ಸ್ಥಳೀಯ ಸ್ಪರ್ಧೆಯ ನಿಯಮವನ್ನು ಸಂಘಟಕರಿಂದ ಮುಂಚಿತವಾಗಿ ಕೇಳಿ ತಿಳಿಯಿರಿ.

ಬೌಲಿಂಗ್ 1978ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲೇ ಪದಕದ ಆಟವಾಗಿತ್ತು. ಕರ್ನಾಟಕದ ಆಕಾಶ್ ಅಶೋಕ್ ಕುಮಾರ್ ಅವರಂಥವರು ರಾಷ್ಟ್ರೀಯ ಟೂರ್ನಿಗಳಲ್ಲಿ ರಾಜ್ಯದ ಹೆಸರು ಬೆಳಗಿಸಿದ್ದಾರೆ. ಬಯಲುಸೀಮೆಯ ಹುಡುಗರಿಗೆ ಇದು ಎಟುಕದ ಆಟವೇನಲ್ಲ. ಮುಂದಿನ ಸಲ ಲೇನ್ ಮುಂದೆ ನಿಂತಾಗ ಮೊದಲ ಮೂರು ಚೆಂಡುಗಳ ಅಂಕ ಎಣಿಸಬೇಡಿ. ಅವು ಎಲ್ಲಿ ತಿರುಗಿದವು ಎಂದಷ್ಟೇ ನೋಡಿ. ಹದ ಗೊತ್ತಾದ ಮೇಲೆ ಬಾಡಿಗೆ ಚೆಂಡಿನಲ್ಲೂ ಹತ್ತು ಪಿನ್ ಕೆಡವಬಹುದು.